ಉಗುಳಿದ ವೈನು

ನನ್ನ ನಾಲಿಗೆಯೇ ನನ್ನ ಹೊಟ್ಟೆಪಾಡು. ಚಿಕ್ಕಮಗಳೂರಿನ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ರುಚಿ ನೋಡುವವಳು ನಾನು. ಚಮಚದ ಕಾಫಿಯನ್ನು ಸೊರ್ರನೆ ಎಳೆದು, ಬಾಯೆಲ್ಲ ಆಡಿಸಿ ಉಗುಳಬೇಕು. ನುಂಗುತ್ತ ಕೂತರೆ ಮಧ್ಯಾಹ್ನದೊಳಗೆ ತಲೆ ಗಿರ್ರೆನ್ನುತ್ತದೆ.

ಈ ಬೇಸಿಗೆಯಲ್ಲಿ ವೈನ್ ರುಚಿ ನೋಡುವ ತರಗತಿಗೂ ಹೋಗಿಬಂದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಾನೂ ಕಲಿತದ್ದನ್ನು ಹೊತ್ತುಕೊಂಡು ನೇರ ಕೊಟ್ಟಿಗೆಹಾರದ ದೊಡ್ಡಮ್ಮನ ಮನೆಗೆ ಹೋದೆ. ದೊಡ್ಡಮ್ಮ ವರ್ಷವೂ ಮೂಡಿಗೆರೆ ಸಂತೆಯ ಕಪ್ಪು ದ್ರಾಕ್ಷಿ ತಂದು ಮನೆಯಲ್ಲೇ ವೈನ್ ಮಾಡುತ್ತಾರೆ. ಮೊದಲ ಲೋಟ ನನಗೆ. ನಾನು ಹೋಗುವವರೆಗೆ ಬೇರೆ ಯಾರಿಗೂ ಕೊಡುವುದಿಲ್ಲ.

"ಡ್ರೈ ವೈನ್ ಅಂತಾರಲ್ಲ, ಏನೇ ಅದು?" ಎಂದು ಅವರೇ ಕೇಳಿದರು.

"ಸಕ್ಕರೆಯೆಲ್ಲ ಹುದುಗಿ, ಸಿಹಿ ಉಳೀದೇ ಇರೋದು ದೊಡ್ಡಮ್ಮ. ಬಾಯಿಗೆ ಒಗರು ಹಿಡಿಯುತ್ತಲ್ಲ, ಅದು ಟ್ಯಾನಿನ್. ಸಿಪ್ಪೆ, ಬೀಜದಿಂದ ಬರೋದು. ನಾಲಿಗೆ ಮೇಲೆ ತೆಳುವೋ ಗಟ್ಟಿಯೋ ಅನ್ನೋದು ಬಾಡಿ, ನಮ್ಮ ಕಾಫೀಲಿ ಹೇಳೋ ಹಂಗೇ."

ವೈನ್ ದ್ರಾಕ್ಷಿಯ ಜಾತಿಗಳನ್ನೂ ಬಿಡಲಿಲ್ಲ. ಕ್ಯಾಬರ್ನೆ ಒಗರು, ಶಿರಾಜ್‌ನಲ್ಲಿ ಕರಿಮೆಣಸಿನ ಘಾಟು, ಶೆನಿನ್ ಬ್ಲಾಂಕ್ ಬಿಳಿ ದ್ರಾಕ್ಷಿ, ಸ್ವಲ್ಪ ಹುಳಿ ಎಂದೆಲ್ಲ ಕೊರೆದೆ. ಪಾಪ, ಬಾಯಿ ತೆರೆದುಕೊಂಡು ಕೇಳಿಸಿಕೊಂಡರು.

"ನಂದು ಯಾವ ಜಾತಿ?"

"ಬೆಂಗಳೂರು ಬ್ಲೂ. ತಿನ್ನೋ ದ್ರಾಕ್ಷಿ ಅದು."

ಒಳಗೆ ಹೋಗಿ ಲೋಟ ತುಂಬಿ ತಂದರು. ಬಣ್ಣ ನೋಡಿದೆ, ಮೂಸಿದೆ, ಸೊರ್ರನೆ ಎಳೆದೆ, ಜಗಲಿಯಂಚಿಗೆ ಹೋಗಿ ಹೂವಿನ ಕುಂಡಕ್ಕೆ ಉಗುಳಿದೆ.

"ಸಿಹಿ ಜಾಸ್ತಿ, ಟ್ಯಾನಿನ್ ಕಮ್ಮಿ, ಬಾಡಿ ಪರವಾಗಿಲ್ಲ" ಎಂದು ತಿರುಗಿದರೆ, ದೊಡ್ಡಮ್ಮ ಆ ಕುಂಡವನ್ನೇ ನೋಡುತ್ತ ನಿಂತಿದ್ದರು.

"ಚೆನ್ನಾಗಿದ್ರೂ ಉಗುಳ್ತೀವಿ ದೊಡ್ಡಮ್ಮ, ಅದೇ ಪದ್ಧತಿ" ಎಂದೆ.

"ಆಯ್ತು ಮಾರಾಯ್ತಿ" ಎಂದು ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಳಗೆ ಹೋದರು.

ಮನೆಯವರು ಪ್ರೀತಿಯಿಂದ ಕೊಟ್ಟದ್ದನ್ನು ಅವರೆದುರಿಗೇ ಉಗುಳಿದ್ದೆ. ಹಾಳು ನಾಲಿಗೆ, ಮನೆ ಯಾವುದು ಕೆಲಸದ ಮೇಜು ಯಾವುದು ಎಂದು ತಿಳಿಯಲಿಲ್ಲವೇ ಇದಕ್ಕೆ! ಅಂದಿನಿಂದ ಉಂಡ ಅನ್ನ ಮೈಗೆ ಹತ್ತಲಿಲ್ಲ.

ಹೋದ ವಾರ ಮತ್ತೆ ಹೋದೆ. ತಳ ಕಾಣುವವರೆಗೆ ಕುಡಿದು, ನಾಚಿಕೆ ಬಿಟ್ಟು ಇನ್ನೊಂದು ಲೋಟ ಕೇಳಬೇಕೆಂದುಕೊಂಡಿದ್ದೆ. ದೊಡ್ಡಮ್ಮ ಶಿರಾಜ್ ಬಾಟಲಿಯೊಂದನ್ನು ತಂದು ಮುಂದಿಟ್ಟರು. ವೈನ್ ಅಂಗಡಿಯ ಮೆಟ್ಟಿಲು ಹತ್ತಿದ ಹೆಂಗಸಲ್ಲ. ಜೀಪಿನವನ ಕೈಲಿ ಮೂಡಿಗೆರೆಯಿಂದ ತರಿಸಿದ್ದರಂತೆ.

"ಇದು ಯಾಕೆ? ನೀವು ಮಾಡಿದ್ದೇ ಕೊಡಿ" ಎಂದೆ.

"ಅದನ್ನ ಕೆಲಸದೋರಿಗೆಲ್ಲ ಹಂಚಿಬಿಟ್ಟೆ" ಎಂದರು. ಲೋಟಕ್ಕೆ ಜೋಪಾನವಾಗಿ ಬಗ್ಗಿಸಿ, ಸೆರಗಿನಿಂದ ಅಂಚು ಒರೆಸಿ ನನ್ನ ಕೈಗಿತ್ತರು. "ಇದನ್ನಾದ್ರೂ ನುಂಗ್ತೀಯೇನೋ ಅಂತ ತರಿಸ್ದೆ."