ಅಜ್ಜಿ ಸೀರೆಯ ತೇಪೆ

ಇವತ್ತು ದೋಣಿಗಲ್ ಹತ್ತಿರ ರಸ್ತೆಗೆ ಟಾರು ಹಾಕುತ್ತಿದ್ದರು. ಬೈಕ್ ನಿಲ್ಲಿಸಿ ಕಾಯುವುದು ನನ್ನಿಂದಾಗದ ಕೆಲಸ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಾತ ಮೀನು ಹಿಡಿಯುತ್ತಿದ್ದ ಹರಿಗೋಲು ನೆನಪಾಯಿತು.

ಬಿದಿರಿನ ದೊಡ್ಡ ಬುಟ್ಟಿಯಂಥ ಹಳೇ ಹರಿಗೋಲು. ಹೇಮಾವತಿಗೆ ಇಳಿಸಿದರೆ ಮೀನಿಗಿಂತ ಮೊದಲು ನೀರೇ ಒಳಗೆ ಬರುತ್ತಿತ್ತು. "ಇನ್ನೊಂದ್ ಸಲ ಸೋರ್ಲಿ, ಬೋರಲಾಕಿ ಕೋಳಿಗೂಡು ಮಾಡ್ಬುಡ್ತೀನಿ," ಅಂತ ಅಜ್ಜಿ ಹೇಳಿಬಿಟ್ಟಿದ್ದಳು.

ತಾತ ಹೆದರಿದ. ಹರಿಗೋಲನ್ನು ಬೋರಲು ಹಾಕಿ ನನ್ನನ್ನು ಅದರಡಿ ನುಗ್ಗಿಸಿದ. ಬೆಳಕು ಕಂಡ ಕಡೆಯೆಲ್ಲ ನಾನು ಕಡ್ಡಿ ತೂರಿಸಿದೆ. ಅವನು ಹೊರಗಿನಿಂದ ಗೋಣಿ ತುಂಡು ಇಟ್ಟು ಬಿಸಿ ಟಾರು ಬಳಿದ. ಅಷ್ಟು ಸಾಲದೆಂದು ಒಳಗೂ ಬಳಿದ.

ಮಾರನೇ ದಿನ ಪರೀಕ್ಷೆಗೆಂದು ಅಜ್ಜಿಯೇ ಹತ್ತಿ ಕೂತಳು. ಉರಿಬಿಸಿಲಲ್ಲಿ ಹೊಳೆಯಲ್ಲೊಂದು ಸುತ್ತು ಹಾಕಿದರೂ ಹನಿ ನೀರು ಬರಲಿಲ್ಲ.

"ನೋಡ್ದೇನೇ? ಇಳಿ ಈಗ," ಎಂದು ತಾತ ದಡ ಮುಟ್ಟಿಸಿ ಮೀಸೆ ತಿರುವಿದ.

ಅಜ್ಜಿ ಏಳಲಿಲ್ಲ. "ನಿನ್ ಟಾರಿಗೆ ಬೆಂಕಿ ಹಾಕ! ಸೀರೆ ಅಂಟ್ಕಬುಟ್ಟೈತೆ ಕಣಯ್ಯ!"

ನಾನು ದಡದಲ್ಲಿ ಬಿದ್ದು ಹೊರಳಾಡಿ ನಕ್ಕೆ. ಕೊನೆಗೆ ತಾತ ಮೀನು ಕೊಯ್ಯುವ ಚಾಕುವಿನಿಂದ ಸೀರೆಯನ್ನೇ ಕೊಯ್ದು ಅವಳನ್ನು ಬಿಡಿಸಿದ. ನೀಲಿ ತುಂಡು ಹರಿಗೋಲಿನಲ್ಲೇ ಉಳಿಯಿತು.

ಆಮೇಲೆ ಹರಿಗೋಲು ಎಷ್ಟೋ ಸಲ ಸೋರಿತು, ಆ ನೀಲಿ ತೇಪೆಯ ಜಾಗ ಬಿಟ್ಟು. ಕೋಳಿಗೂಡು ಯಾವಾಗ ಅಂತ ಕೇಳಿದರೆ ಅಜ್ಜಿ ನನ್ನ ಮೇಲೇ ರೇಗುತ್ತಿದ್ದಳು: "ನನ್ ಸೀರೆ ಐತೆ ಕಣೋ ಅದ್ರಲ್ಲಿ, ಕೋಳಿಗ್ ಕೊಡ್ತೀನಾ?"

ಹಿಂದಿನ ಲಾರಿಯವನು ಹಾರನ್ ಹೊಡೆದ. ಹೊರಡೋಣವೆಂದು ಕಾಲೆತ್ತಿದರೆ, ಚಪ್ಪಲಿ ಟಾರಿಗೆ ಅಂಟಿಕೊಂಡಿತ್ತು.