ಕರಾರು ಮೇಷ್ಟ್ರು
ಮೂವತ್ತು ವರ್ಷ ಕಾನೂನು ಕಾಲೇಜಿನಲ್ಲಿ ಕರಾರು ಕಾಯಿದೆ ಪಾಠ ಮಾಡಿದ ಮೇಷ್ಟ್ರು ನಿವೃತ್ತರಾಗಿದ್ದು ಕಾಲೇಜಿನಿಂದ ಮಾತ್ರ, ಪಾಠದಿಂದಲ್ಲ. ಬಟ್ಟೆ ಅಂಗಡಿಯವನು ಗಾಜಿನೊಳಗೆ ತೂಗುಹಾಕಿದ ಅಂಗಿ ಮಾರುವುದಿಲ್ಲ ಎಂದರೆ ಬೇರೆಯವರು ಜಗಳಕ್ಕೆ ನಿಲ್ಲುತ್ತಾರೆ, ಇವರು ಅವನ ಬೆನ್ನು ತಟ್ಟಿ, "ಸರಿ ಕಣಯ್ಯ, ತೂಗುಹಾಕೋದು ಬರೀ ಆಹ್ವಾನ. ಕೊಳ್ತೀನಿ ಅಂತ ಪ್ರಸ್ತಾಪ ಇಡೋನು ನಾನು, ಒಪ್ಪೋದು ಬಿಡೋದು ನಿಂದು" ಎಂದು ಬರಿಗೈಯಲ್ಲಿ ಖುಷಿಯಾಗಿ ಮನೆಗೆ ಬರುತ್ತಾರೆ. ಮೊಮ್ಮಗಳಿಗೆ ಕಥೆ ಹೇಳುತ್ತೇನೆಂದು ಮಾತು ಕೊಟ್ಟು ಮರೆತರೆ, "ಪ್ರತಿಫಲ ಇಲ್ಲದ ಮಾತು ಪುಟ್ಟಾ, ಕೋರ್ಟಲ್ಲಿ ನಿಲ್ಲಲ್ಲ" ಎಂದು ಕೈ ತೊಳೆದುಕೊಳ್ಳುತ್ತಾರೆ. "ಪರದೆ ಇಳಿಸಿಕೊಡಿ ಅಂತ ಬೆಳಿಗ್ಗೇನೇ ಹೇಳಿದ್ನಲ್ಲ" ಎಂದು ಹೆಂಡತಿ ಸಿಡುಕಿದರೆ ಪೇಪರಿನಿಂದ ತಲೆಯನ್ನೇ ಎತ್ತದೆ, "ನೀನು ಹೇಳಿದೆ, ನಾನು ಸುಮ್ಮನಿದ್ದೆ. ಸುಮ್ಮನಿದ್ರೆ ಒಪ್ಪಿದ ಹಾಗಲ್ಲ, ಕರಾರೇ ಹುಟ್ಟಲ್ಲ" ಎನ್ನುತ್ತಾರೆ. ಮೊನ್ನೆ ಆಕೆ ಕಾಲು ಅಲ್ಲಾಡುವ ಸ್ಟೂಲನ್ನು ಎಳೆದುಕೊಂಡು ತಾವೇ ಹತ್ತಿ, ಪರದೆಯ ಕೊಂಡಿ ಬಿಚ್ಚುತ್ತಾ, "ನಮ್ಮ ಮದುವೆ ಮಾತುಕತೆ ದಿನ ನಾನೂ ಸುಮ್ಮನೇ ಇದ್ದೆ. ನೀವೆಲ್ಲ ಸೇರಿ ಅದನ್ನ ಏನಂತ ತಿಳ್ಕೊಂಡ್ರಿ?" ಎಂದರು. ಮೇಷ್ಟ್ರು ಪೇಪರು ಮಡಚಿಟ್ಟು ಎದ್ದು ಬಂದು, ಸ್ಟೂಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ನಿಂತರು.