ಎರಡು ಆಂಪಿನ ನಡುವೆ ಒಂದು ಗಿಟಾರು

ನಮ್ಮ ಆರ್ಕೆಸ್ಟ್ರಾದಲ್ಲಿ ಗಿಟಾರು ಇರುವುದು ಒಂದೇ, ಬಾರಿಸುವವನೂ ನಾನೊಬ್ಬನೇ. ಆದರೆ ಅದರ ವೈರು ಹೋಗಿ ಸೇರುವ ಆಂಪುಗಳು, ಅಂದರೆ ದನಿ ದೊಡ್ಡದು ಮಾಡುವ ಪೆಟ್ಟಿಗೆಗಳು, ಎರಡು. ಇದು ಅಣ್ಣನ ತಲೆಯಲ್ಲಿ ಹುಟ್ಟಿದ್ದು. ಕೀಬೋರ್ಡ್ ಬಾರಿಸುವವನು ಅವನೇ, ತಂಡದ ಯಜಮಾನನೂ ಅವನೇ. ನಮ್ಮ ಮನೆ ಆಳಂದದಲ್ಲಿ. ಅಫಜಲಪುರ, ಜೇವರ್ಗಿ ಕಡೆಯ ಮದುವೆಗಳೇ ನಮ್ಮ ಹೊಟ್ಟೆಪಾಡು. ನಾವು ಹೋಗುವ ಮಂಟಪಗಳಲ್ಲಿ ವೇದಿಕೆಯ ಎಡಕ್ಕೆ ಗಂಡಿನ ಕಡೆಯವರು, ಬಲಕ್ಕೆ ಹೆಣ್ಣಿನ ಕಡೆಯವರು ಕೂರುತ್ತಾರೆ. ಊಟದ ಎಲೆಗೆ ಒಂದು ಹೋಳಿಗೆ ಕಡಿಮೆ ಬಿದ್ದರೂ ವರ್ಷಗಟ್ಟಲೆ ಮಾತಾಡುವ ಬೀಗರು ಇವರು. ಹಾಡುವವರ ದನಿಗೆ ದೊಡ್ಡ ಬಾಕ್ಸುಗಳಿದ್ದವು; ಗಿಟಾರು ಮಾತ್ರ ಒಂದೇ ಬದಿಗೆ ಕೇಳುತ್ತಿತ್ತು. ಅದೂ ಇಬ್ಬರಿಗೂ ಸಮನಾಗಿ ಸಲ್ಲಲಿ, ಅತ್ತ ಒಂದು ಆಂಪು ಇತ್ತ ಒಂದು ಇಡೋಣ ಎಂದು ಅಣ್ಣ ಹೇಳಿದಾಗ ನನಗೂ ಸರಿಯೆನಿಸಿತು.

ಒಂದು ತುದಿಯಲ್ಲಿ ಒಂದು ಪಿನ್ನು, ಇನ್ನೊಂದು ತುದಿಯಲ್ಲಿ ಎರಡು ಪಿನ್ನು ಇರುವ ವೈರನ್ನು ನಾನೇ ಬೆಸುಗೆ ಹಾಕಿ ಮಾಡಿಕೊಂಡೆ. ಮೊದಲ ದಿನ ಒಂದು ಆಂಪಿಗೆ ಮಂಟಪದ ಕರೆಂಟು, ಇನ್ನೊಂದಕ್ಕೆ ಜನರೇಟರಿನ ಕರೆಂಟು ಕೊಟ್ಟಿದ್ದರು. ಎರಡೂ ಗುಂಯ್ ಎನ್ನತೊಡಗಿದವು, ತಂತಿ ಮುಟ್ಟಿದರೆ ಮೊಣಕೈವರೆಗೆ ಜುಮ್ಮೆಂದಿತು. ಆಮೇಲೆ ಎರಡನ್ನೂ ಒಂದೇ ಬೋರ್ಡಿಗೆ ಸಿಕ್ಕಿಸುವುದನ್ನು ಕಲಿತೆವು. ಅದರಿಂದ ಗುಂಯ್ ನಿಂತಿತು, ಆದರೆ ವೈರುಗಳು ಎರಡೂ ಕಡೆ ಬಿಗಿದುಕೊಂಡು ನಾನು ಆಚೀಚೆ ಸರಿಯದಂತಾಯಿತು. ಹಾಡುವ ಹುಡುಗಿಯರು ವೇದಿಕೆ ತುಂಬ ಓಡಾಡುತ್ತಿದ್ದರು. ನಾನು ಗೂಟಕ್ಕೆ ಕಟ್ಟಿದ ಎಮ್ಮೆಯಂತೆ ನಿಂತಲ್ಲೇ ನಿಂತಿರುತ್ತಿದ್ದೆ. ಎಡಗಡೆ ಅಣ್ಣ. ಅವನಿಗೂ ನನಗೂ ನಡುವೆ ಆ ಬದಿಯ ಆಂಪು. ನಮಗೂ ಕೇಳಬೇಕಲ್ಲ ಎಂದು ಅಣ್ಣ ಅದರ ಮುಖವನ್ನು ಸ್ವಲ್ಪ ನಮ್ಮ ಕಡೆಗೇ ತಿರುಗಿಸಿ ಇಡುತ್ತಿದ್ದ.

ಒಂದೆರಡು ಹಂಗಾಮು ಚೆನ್ನಾಗಿಯೇ ನಡೆಯಿತು. ಆಮೇಲೆ ಎಡಗಡೆಯ ಆಂಪು ಸೊರಗುತ್ತಿದೆ ಎಂದು ನನಗೆ ಅನಿಸತೊಡಗಿತು. ಬಲಗಡೆಯದು ಖಣಖಣ ಎನ್ನುತ್ತಿದ್ದರೆ ಎಡಗಡೆಯದು ಕಂಬಳಿ ಹೊದ್ದಂತೆ ಕೇಳುತ್ತಿತ್ತು. ಗಂಡಿನ ಕಡೆಯವರಿಗೆ ಕಡಿಮೆಯಾದೀತೆಂದು ಅದರ ದನಿ ಏರಿಸುವ ಗುಂಡಿಯನ್ನು ತಿರುವಿದೆ, ಮುಂದಿನ ಮದುವೆಯಲ್ಲಿ ಮತ್ತಷ್ಟು ತಿರುವಿದೆ. ಒಂದು ಮದುವೆಯಲ್ಲಿ ವಧೂವರರ ಮೇಲೆ ಅಕ್ಕಿಕಾಳು ಬಿದ್ದು ಊಟ ಸುರುವಾಗಿತ್ತು. ಮದುಮಗನ ದೊಡ್ಡಪ್ಪ ಎಂಜಲು ಕೈಯಲ್ಲೇ ವೇದಿಕೆಯ ಬಳಿ ಬಂದು ನಿಂತರು.

“ಏನ್ರಿ ಮಾಸ್ತರ, ನಮ್ಮ ಕಡಿ ಮಂದಿ ಕಿವುಡ್ರು ಅಂತ ತಿಳ್ಕೊಂಡೀರೇನು? ಬಾಜೂಕ ಕುಂತವ್ರ ಮಾತ ಕೇಳಸವಲ್ದು.”

ಅವರಿಗೆ ಏನೋ ಸಮಾಧಾನ ಹೇಳುವಷ್ಟರಲ್ಲಿ ಹೆಣ್ಣಿನ ಕಡೆಯವರೊಬ್ಬರು ಬಂದು, ಹಾಡೆಲ್ಲ ಬೀಗರಿಗೇ ಬಡಿಸುತ್ತೀರಿ, ನಾವೇನು ಬಿಟ್ಟಿ ಬಂದವರೇ ಎಂದು ಮುನಿಸಿಕೊಂಡರು. ಎರಡೂ ಸಮ ಇವೆ ಎಂದು ಆಣೆ ಮಾಡಿದೆ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ದಾಟಿದ ಮನುಷ್ಯ, ಬುದ್ಧಿ ಬಂದಾಗಿನಿಂದ ತಂತಿ ಮೀಟಿಕೊಂಡು ಬಂದವನು. ಹೆಚ್ಚು ಕಡಿಮೆ ಯಾವುದೆಂದು ಇವರಿಂದ ಕಲಿಯಬೇಕೇ?

ಆಂಪನ್ನು ಆಳಂದದಲ್ಲಿ ರಿಪೇರಿಯವನಿಗೆ ತೋರಿಸಿದೆ. ಏನೂ ಆಗಿಲ್ಲ ಎಂದ. ಅವನ ಮೇಲೂ ರೇಗಿದೆ. ವೈರು ಬದಲಿಸಿದೆ. ಕೊನೆಗೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟು ನೋಡಿದೆ. ಆಗಲೂ ಸೊರಗಿದ್ದು ಎಡಗಡೆಯದೇ. ಎರಡು ಆಂಪೂ ಒಟ್ಟಿಗೇ ಹಟ ಹಿಡಿದಿವೆಯೇ ಎಂದು ಅವುಗಳನ್ನೇ ಬೈದೆ.

ಅಫಜಲಪುರದಲ್ಲಿ ಒಂದು ಬೆಳಿಗ್ಗೆ, ಮದುವೆಯ ಜನ ಇನ್ನೂ ಬಂದಿರಲಿಲ್ಲ, ಎರಡೂ ಆಂಪು ಹಾಕಿಕೊಂಡು ತಂತಿ ಶ್ರುತಿ ಮಾಡುತ್ತಿದ್ದೆ. ಹಿಂದಿನ ಪರದೆ ಕಟ್ಟುತ್ತಿದ್ದವರು ಏನೋ ಕೇಳಿದರೆಂದು ಮಂಟಪಕ್ಕೆ ಬೆನ್ನು ಮಾಡಿ ತಿರುಗಿದೆ. ಕೈ ಮೀಟುತ್ತಲೇ ಇತ್ತು. ಇದ್ದಕ್ಕಿದ್ದಂತೆ ಸೊರಗಿದ ಆಂಪು ಖಣಖಣ ಎಂದಿತು, ಗಟ್ಟಿ ಇದ್ದದ್ದು ಕಂಬಳಿ ಹೊದ್ದಿತು. ಮುಂದಕ್ಕೆ ತಿರುಗಿದೆ, ಮತ್ತೆ ಅದಲುಬದಲಾಯಿತು. ಕೆಟ್ಟಿದ್ದು ಆಂಪಲ್ಲ, ನನ್ನ ಎಡಗಿವಿ. ಕೇಳುವುದಿಲ್ಲವೆಂದು ಏರಿಸಿದ್ದೆ, ಏರಿಸಿದ್ದಕ್ಕೆ ಇನ್ನಷ್ಟು ಕೇಳದಾಗಿತ್ತು. ಅಂದು ನಾನು ಏನೇನು ಬಾರಿಸಿದೆನೋ ನೆನಪಿಲ್ಲ.

ಕಲಬುರಗಿಯ ಕಿವಿ ಡಾಕ್ಟರು ಯಂತ್ರದಲ್ಲಿ ನೋಡಿ, ಎಡಗಿವಿಯ ನರ ಸೋತಿದೆ, ಹೋದದ್ದು ಬರುವುದಿಲ್ಲ, ಇದೇ ಕೆಲಸ ಮುಂದುವರಿಸಿದರೆ ಬಲದ್ದೂ ಅದೇ ದಾರಿ ಹಿಡಿಯುತ್ತದೆ ಎಂದರು. ಬಲಗಿವಿಗೆ ತುರುಕಿಕೊಳ್ಳಲು ರಬ್ಬರಿನ ಬಿರಡೆ ಕೊಟ್ಟರು. ಹಾಕಿಕೊಂಡು ಬಾರಿಸಿ ನೋಡಿದೆ. ಇರುವ ಒಂದು ಕಿವಿಯನ್ನೂ ಮುಚ್ಚಿಕೊಂಡರೆ ಹಾಡುವವರು ಎಲ್ಲಿದ್ದಾರೆ ಎಂಬುದೇ ತಿಳಿಯಲಿಲ್ಲ. ಹೆಂಡತಿ ಮಾತ್ರ ಗಟ್ಟಿಯಾಗಿ ನಿಂತಳು. ಅವಳ ತವರಿನವರದು ತೊಗರಿ ಬೇಳೆಯ ಅಂಗಡಿ. ನಾಳೆಯಿಂದಲೇ ಅಲ್ಲಿ ಕೂರಬಹುದು, ಮಕ್ಕಳ ಮಾತು ಕೇಳಲಿಕ್ಕಾದರೂ ಒಂದು ಕಿವಿ ಉಳಿಯಲಿ ಎಂದಳು. ನಾನು ಒಪ್ಪಿಕೊಂಡೆ. ಅಣ್ಣನಿಗೆ ಹೇಳುವುದೊಂದು ಉಳಿದಿತ್ತು.

ಮುಂದಿನ ವಾರ ಅಫಜಲಪುರದಿಂದ ಬರುವಾಗ ಚೌಡಾಪುರದಲ್ಲಿ ಚಹಾಕ್ಕೆ ಗಾಡಿ ನಿಲ್ಲಿಸಿದೆವು. ಉಳಿದವರು ಒಳಗೆ ಭಜಿ ತಿನ್ನುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ಅಣ್ಣನ ಪಕ್ಕ ಕುಳಿತು ಎಲ್ಲ ಹೇಳಿದೆ. ಅವನು ರಸ್ತೆ ನೋಡುತ್ತ ಚಹಾ ಕುಡಿಯುತ್ತಿದ್ದ. ಎಂಥ ಕಲ್ಲೆದೆ ಎಂದು ಸಿಟ್ಟು ಬಂದು ಭುಜ ಹಿಡಿದು ಅಲುಗಿಸಿದೆ. ಅವನು ತಿರುಗಿ ನನ್ನ ಬಾಯಿಯನ್ನೇ ನೋಡಿದ. ಮತ್ತೆ ಮೊದಲಿನಿಂದ ಹೇಳಿದೆ. ಅವನು ಚಹಾದ ಗ್ಲಾಸನ್ನು ಬೆಂಚಿನ ಮೇಲೆ ಇಟ್ಟ.

“ಒಂದೇ ಹೋಗ್ಯಾದಲ್ಲಲೇ ನಿಂದು,” ಎಂದ. “ನಂದು ಎರಡೂ ಹೋಗಿ ಭಾಳ ದಿನ ಆತು. ಆ ಆಂಪು ನನ್ನ ಬಾಜೂಕ ಇದ್ರ ನಿನ್ನ ಗಿಟಾರ ತುಸು ಕೇಳ್ತದ, ಅದನ್ನ ಹಿಡಕೊಂಡು ಬಾರಸ್ತೇನಿ. ಅದಿಲ್ಲಂದ್ರ ಏನೂ ಕೇಳಸಂಗಿಲ್ಲ.”

ಬೀಗರ ಸಮಪಾಲೆಂಬುದು ಬರೀ ನೆವವಾಗಿತ್ತು. ಆಂಪು ಬೇಕಾಗಿದ್ದು ಅವನಿಗೆ, ಹೊಡೆತ ಬಿದ್ದಿದ್ದು ನನಗೆ. ಕಿವಿಗೆ ಮಷೀನು ಹಾಕಿಸಿಕೊಳ್ಳಬಾರದೇ ಎಂದು ಕೇಳಿದೆ. ಮಷೀನು ಹಾಕಿಕೊಂಡು ವೇದಿಕೆ ಮೇಲೆ ಕುಳಿತರೆ ಯಾರು ಕರೆಯುತ್ತಾರೆ ಎಂದ. ಎದ್ದು ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅಪ್ಪ ತೀರಿಕೊಂಡ ಮೇಲೆ ತಾನು ಶಾಲೆ ಬಿಟ್ಟು ನನ್ನನ್ನು ಓದಿಸಿದವನು ಅವನು, ನನ್ನ ಕೈಗೆ ಗಿಟಾರು ಕೊಟ್ಟವನೂ ಅವನೇ. ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಅವನ ಗ್ಲಾಸು ಎತ್ತಿಕೊಂಡು ಹೋಗಿ ಒಳಗೆ ಕೊಟ್ಟು ಬಂದೆ. ಒಳಗಿದ್ದವರು ಕೈ ಒರೆಸಿಕೊಂಡು ಬಂದು ಗಾಡಿ ಹತ್ತಿದರು. ನಾವೂ ಹತ್ತಿದೆವು.

ಜೇವರ್ಗಿಯ ಮದುವೆ ಒಪ್ಪಿಕೊಂಡಾಗಿತ್ತು. ಅದೊಂದು ಮುಗಿಸಿ ಬಿಡುತ್ತೇನೆ ಎಂದು ಹೆಂಡತಿಗೆ ಹೇಳಿ ಬಂದಿದ್ದೆ. ಅಂದು ಅಣ್ಣ ಎಡಗಡೆಯ ಆಂಪಿನ ತಂಟೆಗೇ ಹೋಗಲಿಲ್ಲ. ಅದರ ಸ್ವಿಚ್ ಹಾಕದೆ, ನನ್ನ ಮುಖವನ್ನೂ ನೋಡದೆ ಕೀಬೋರ್ಡಿನ ಮುಂದೆ ಕುಳಿತ. ಸುರುವಿಗೆ ವಚನ. ಹಾಡುವ ಹುಡುಗಿ ಎತ್ತಿಕೊಂಡಳು, ನಾನು ಬಲಗಡೆಯ ಆಂಪಿನಲ್ಲಿ ಮೀಟಿದೆ. ಅಣ್ಣ ಬೇರೆಯೇ ಶ್ರುತಿಯಲ್ಲಿ ಸುರುಮಾಡಿದ. ಹುಡುಗಿ ತಡವರಿಸಿ ನಿಂತಳು. ಎರಡೂ ಕಡೆಯ ಬೀಗರು ಅವನತ್ತ ನೋಡತೊಡಗಿದರು. ಅವನಿಗೆ ಅದೊಂದೂ ಗೊತ್ತಿಲ್ಲ. ಕಣ್ಣು ಮುಚ್ಚಿ, ತಲೆದೂಗುತ್ತ ಬಾರಿಸುತ್ತಲೇ ಇದ್ದ. ನಾನು ನಿಂತಲ್ಲಿಂದಲೇ ಬಾಗಿ ಎಡಗಡೆಯ ಆಂಪಿನ ಸ್ವಿಚ್ ಹಾಕಿದೆ. ಅವನು ಕಣ್ಣು ತೆರೆದು ನನ್ನ ಶ್ರುತಿಗೆ ಬರುವ ತನಕ ಒಂದು ಕೈಯಲ್ಲಿ ತಂತಿ ಮೀಟುತ್ತ ಇನ್ನೊಂದರಲ್ಲಿ ಗುಂಡಿ ತಿರುಗಿಸುತ್ತಲೇ ಹೋದೆ.